ಎಲ್ಲೋ ಒಂದು ಲೋಕದಲ್ಲಿ ನಾನು ಆ ಟಿಕೆಟ್ ತಗೊಂಡಿದ್ದೆ

ಮೊದಲೇ ಹೇಳಿಬಿಡ್ತೀನಿ, ನಾನು ನಾಟಕದ ಪಂಡಿತನಲ್ಲ. ಭೌತಶಾಸ್ತ್ರದ ಪಂಡಿತನಂತೂ ಅಲ್ಲವೇ ಅಲ್ಲ, ಎಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಜಸ್ಟ್ ಪಾಸ್ ಆದವನು. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದು ನನ್ನ ಹೊಟ್ಟೆಪಾಡು. ಆದರೂ ಒಂದು ನಾಟಕದ ಬೆನ್ನು ಹತ್ತಿ, ಅದು ಎಲ್ಲಿಂದ ಬಂತು, ಅದಕ್ಕೂ ಮುಂಚೆ ಯಾರು ಯಾರು ಅಂಥದ್ದನ್ನು ಬರೆದಿದ್ದರು ಅಂತ ಓದುತ್ತಾ ಓದುತ್ತಾ ಕೆಲವು ವರ್ಷಗಳೇ ಕಳೆದುಹೋದವು. ಅದನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬನ್ನಿ :)

ನಾಟಕದ ಹೆಸರು ‘ಕಾನ್‌ಸ್ಟೆಲೇಷನ್ಸ್’. ಅಂದರೆ ನಕ್ಷತ್ರಪುಂಜಗಳು. ಬರೆದವನು ನಿಕ್ ಪೇನ್ ಎಂಬ ಇಂಗ್ಲಿಷ್ ನಾಟಕಕಾರ. ನಾನು ನೋಡಿದ್ದು 2021ರ ಜುಲೈನಲ್ಲಿ, ಲಂಡನ್ನಿನ ಸ್ಟ್ರಾಂಡ್ ರಸ್ತೆಯ ವಾಡ್‌ವಿಲ್ ಥಿಯೇಟರಿನಲ್ಲಿ. ಟಿಕೆಟ್ ನಾನು ಕೊಂಡದ್ದಲ್ಲ. ಆಫೀಸಿನ ಗೆಳೆಯನೊಬ್ಬನ ಫೋನಿಗೆ ‘ನೀವು ಸೋಂಕಿತರ ಹತ್ತಿರ ಇದ್ದಿರಿ, ಮನೆಯಲ್ಲೇ ಇರಿ’ ಅನ್ನೋ ಸಂದೇಶ ಬಂದು, ಅವನು ಟಿಕೆಟನ್ನು ನನಗೆ ದಾಟಿಸಿದ. ಎಲ್ಲರ ಮುಖಕ್ಕೂ ಮಾಸ್ಕ್, ನಡುನಡುವೆ ಖಾಲಿ ಬಿಟ್ಟ ಕುರ್ಚಿಗಳು. ನನಗೆ ನಾಟಕ ನೋಡುವ ಮನಸ್ಸೇನೂ ಇರಲಿಲ್ಲ. ಅಪ್ಪ ಹೋಗಿ ಎರಡು ತಿಂಗಳಾಗಿತ್ತು.

ಅದನ್ನ ಇಲ್ಲೇ ಹೇಳಿ ಮುಗಿಸ್ತೀನಿ. ಅಪ್ಪ ಸಾಗರದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. 2021ರ ಏಪ್ರಿಲ್ 19ಕ್ಕೆ ಇಲ್ಲಿಯ ಸರ್ಕಾರ, 23ರಿಂದ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸ್ತೀವಿ ಅಂತ ಘೋಷಿಸಿತು. ವಾಪಸ್ ಬರುವವರು ಹತ್ತು ದಿನ ಹೋಟೆಲಿನಲ್ಲಿ ಇರಬೇಕು, ಖರ್ಚು 1,750 ಪೌಂಡ್. ಅವತ್ತು ರಾತ್ರಿ ಬೆಂಗಳೂರಿಗೆ ವಿಮಾನದ ಟಿಕೆಟ್ ಹುಡುಕಿ, ಹೆಸರು ವಿಳಾಸ ಎಲ್ಲ ತುಂಬಿ, ದುಡ್ಡು ಕಟ್ಟುವ ಪುಟದವರೆಗೂ ಹೋಗಿದ್ದೆ. ಅಪ್ಪ ಫೋನಿನಲ್ಲಿ "ಬರಬೇಡ ಮಾರಾಯ, ಇಲ್ಲಿ ಬಂದು ನೀನೇನು ಮಾಡ್ತೀಯ, ನಂಗೆ ಬರೀ ನೆಗಡಿ" ಅಂದರು. ಆ ಪುಟ ಮುಚ್ಚಿದೆ. ಮೇ ಎರಡನೇ ವಾರದಲ್ಲಿ ಅಪ್ಪನ ಕೊನೆಯ ಕೆಲಸಗಳನ್ನ ವಾಟ್ಸಾಪ್ ವೀಡಿಯೋದಲ್ಲಿ ನೋಡಿದೆ. ನೆಟ್‌ವರ್ಕ್ ಎರಡು ಸಲ ಕಟ್ ಆಯ್ತು.

ಇರಲಿ. ನಾಟಕಕ್ಕೆ ಬರೋಣ.

ರಂಗದ ಮೇಲೆ ಇಬ್ಬರೇ. ಮೇರಿಯನ್ ಎಂಬ ವಿಜ್ಞಾನಿ, ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿಶ್ವದ ಹುಟ್ಟಿನ ಬಗ್ಗೆ ಸಂಶೋಧನೆ ಮಾಡುವವಳು. ರೋಲಂಡ್ ಎಂಬ ಜೇನು ಸಾಕುವವನು. ಒಂದು ಬಾರ್ಬೆಕ್ಯೂ ಪಾರ್ಟಿಯಲ್ಲಿ ಇಬ್ಬರ ಭೇಟಿ. ಅವಳು ಹೋಗಿ, ತನ್ನ ಮೊಣಕೈಯನ್ನು ತಾನೇ ನೆಕ್ಕಲು ಯಾಕೆ ಆಗಲ್ಲ ಗೊತ್ತಾ ಅಂತ ಒಂದು ತಲೆಹರಟೆ ಮಾತು ತೆಗೀತಾಳೆ. ಅವನು, ನನಗೆ ಮದುವೆ ಆಗಿದೆ ಅಂತಾನೆ. ಮಾತು ಮುಗೀತು. ಫಕ್ ಅಂತ ಬೆಳಕು ಬದಲಾಗುತ್ತೆ. ಮತ್ತೆ ಅದೇ ಮೊಣಕೈ, ಅದೇ ಮಾತು. ಈ ಸಲ ಅವನಿಗೆ ಬೇರೆ ಯಾರೋ ಇದ್ದಾರೆ. ಮತ್ತೆ ಬೆಳಕು. ಇನ್ನೊಂದು ಸಲ ಅವನು ನಗ್ತಾನೆ, ಮಾತು ಮುಂದುವರಿಯುತ್ತೆ.

ನಾಟಕ ಇಡೀ ಹೀಗೆ. ಒಂದು ಲೋಕದಲ್ಲಿ ಇವನು ಮೋಸ ಮಾಡ್ತಾನೆ, ಇನ್ನೊಂದರಲ್ಲಿ ಅವಳು. ಒಮ್ಮೆ ಬೇರೆಯಾಗ್ತಾರೆ, ಎಷ್ಟೋ ದಿನದ ಮೇಲೆ ಬಾಲ್‌ರೂಮ್ ಡಾನ್ಸ್ ಕ್ಲಾಸಿನಲ್ಲಿ ಮತ್ತೆ ಎದುರಾಗ್ತಾರೆ. ಆ ಭೇಟಿಯೂ ಒಂದಲ್ಲ, ಹಲವು. ಇವನು ಜೇನುಹುಳಗಳ ಬಗ್ಗೆ ಒಂದು ಭಾಷಣ ಬರೆದುಕೊಂಡು ಬಂದು ಅವಳನ್ನ ಮದುವೆಗೆ ಕೇಳ್ತಾನೆ. ಕೆಲಸಗಾರ ಹುಳ, ಗಂಡುಹುಳ, ರಾಣಿ, ಇವುಗಳಿಗೆ ತಾವು ಯಾಕೆ ಹುಟ್ಟಿದ್ದೀವಿ ಅನ್ನೋದರಲ್ಲಿ ಗೊಂದಲವೇ ಇಲ್ಲವಲ್ಲ, ನಮಗೂ ಹಾಗಿದ್ದರೆ ಎಷ್ಟು ಚೆನ್ನ ಅನ್ನೋ ಅರ್ಥದ ಭಾಷಣ. ಅದನ್ನೂ ಮತ್ತೆ ಮತ್ತೆ ಕೇಳಿಸ್ಕೊಳ್ತೀವಿ, ಒಂದೊಂದು ಸಲ ಒಂದೊಂದು ಉತ್ತರ. ನಡುನಡುವೆ ಮುಂದೆಂದೋ ನಡೆಯಲಿರುವ ಒಂದು ದೃಶ್ಯದ ಚೂರುಗಳು ತೂರಿ ಬರ್ತವೆ. ಅದರಲ್ಲಿ ಮೇರಿಯನ್‌ಗೆ ಪದಗಳು ಸಿಗ್ತಾ ಇಲ್ಲ. ತಲೆಯಲ್ಲಿ ಗಡ್ಡೆ ಬೆಳೆದಿದೆ. ಮಾತನ್ನೇ ನಂಬಿ ಬದುಕಿದವಳಿಗೆ ಮಾತೇ ಕೈಕೊಡ್ತಾ ಇದೆ, ಇನ್ನೂ ಹೀಗೇ ಮುಂದುವರಿಯೋದಾ ಬೇಡವಾ ಅನ್ನೋ ನಿರ್ಧಾರ ಅವಳದು.

ಎಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯುತ್ತೆ. ಮಧ್ಯಂತರ ಇಲ್ಲ. ರಂಗದ ಮೇಲೆ ಕುರ್ಚಿ ಮೇಜು ಏನೂ ಇಲ್ಲ, ತಲೆ ಮೇಲೆ ಬಿಳಿ ಬಲೂನುಗಳು ಮಾತ್ರ. ಅಚ್ಚಾದ ಪುಸ್ತಕದಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಹಾರುವುದನ್ನು ತೋರಿಸೋಕೆ ಪುಟದ ಮೇಲೆ ಬರೀ ಒಂದು ಅಡ್ಡಗೆರೆ. ಸಾಫ್ಟ್‌ವೇರಿನವನಾದ ನನಗೆ ಇದು ಬಹಳ ಹಿಡಿಸಿತು. ನಾವು ಒಂದು ಹೊಸ ಬ್ರಾಂಚ್ ಮಾಡೋಕೆ ಇದಕ್ಕಿಂತ ಜಾಸ್ತಿ ಒದ್ದಾಡ್ತೀವಿ.

ಈ ನಾಟಕ ಮೊದಲು ಆಡಿದ್ದು 2012ರ ಜನವರಿಯಲ್ಲಿ, ರಾಯಲ್ ಕೋರ್ಟ್ ಥಿಯೇಟರಿನ ಮಹಡಿ ಮೇಲಿರುವ, ನೂರು ಜನ ಕೂಡ ಹಿಡಿಯದ ಪುಟ್ಟ ಜಾಗದಲ್ಲಿ. ಮೈಕಲ್ ಲಾಂಗ್‌ಹರ್ಸ್ಟ್ ನಿರ್ದೇಶನ, ಸ್ಯಾಲಿ ಹಾಕಿನ್ಸ್ ಮತ್ತು ರೇಫ್ ಸ್ಪಾಲ್ ಅಭಿನಯ. ಅದೇ ವರ್ಷ ವೆಸ್ಟ್ ಎಂಡಿಗೆ ಹೋಯ್ತು, ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ವರ್ಷದ ಅತ್ಯುತ್ತಮ ನಾಟಕ ಪ್ರಶಸ್ತಿ ಬಂತು. ಪೇನ್‌ಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. 2015ರಲ್ಲಿ ಜೇಕ್ ಜಿಲೆನ್‌ಹಾಲ್ ಮತ್ತು ರೂತ್ ವಿಲ್ಸನ್ ಬ್ರಾಡ್‌ವೇಯಲ್ಲಿ ಆಡಿದರು. ನಾನು ನೋಡಿದ 2021ರ ಪ್ರಯೋಗದಲ್ಲಿ ಒಂದು ಮಜಾ ಇತ್ತು. ಒಂದೇ ನಾಟಕ, ಒಂದೇ ರಂಗಸಜ್ಜು, ಆದರೆ ಸರದಿಯಲ್ಲಿ ನಾಲ್ಕು ಜೋಡಿಗಳು. ಒಂದರಲ್ಲಿ ಇಬ್ಬರೂ ಗಂಡಸರು, ಮೇರಿಯನ್ ಬದಲು ಮ್ಯಾನುಯೆಲ್. ನನಗೆ ಸಿಕ್ಕ ಜೋಡಿ ಪೀಟರ್ ಕಪಾಲ್ಡಿ ಮತ್ತು ಜೋಯಿ ವಾನಮೇಕರ್. ಇಬ್ಬರೂ ಅರವತ್ತು ದಾಟಿದವರು. ಅದರ ಬಗ್ಗೆ ಆಮೇಲೆ.

ಈಗ ಇತಿಹಾಸ. ಸಮಾಂತರ ಲೋಕ ಅಂದ ತಕ್ಷಣ ಎಲ್ಲರೂ ಹ್ಯೂ ಎವರೆಟ್ ಹೆಸರು ತೆಗೀತಾರೆ, ಸರಿಯೇ. ಆದರೆ ರಂಗಭೂಮಿ ಎವರೆಟ್‌ಗೆ ಕಾದು ಕೂತಿರಲಿಲ್ಲ.

1917ರ ಅಕ್ಟೋಬರ್. ಲಂಡನ್ನಿನಲ್ಲಿ ಜೆ. ಎಂ. ಬ್ಯಾರಿಯ ‘ಡಿಯರ್ ಬ್ರೂಟಸ್’ ಅನ್ನೋ ನಾಟಕ ಶುರುವಾಯ್ತು. ಬ್ಯಾರಿ ಅಂದರೆ ‘ಪೀಟರ್ ಪ್ಯಾನ್’ ಬರೆದವನು. ಲಾಬ್ ಎಂಬ ವಿಚಿತ್ರ ಮುದುಕನ ಮನೆಗೆ ಕೆಲವು ಅತಿಥಿಗಳು ಬಂದಿದ್ದಾರೆ. ಬೇಸಿಗೆಯ ನಡುರಾತ್ರಿ ಮನೆ ಹೊರಗೆ ಇದ್ದಕ್ಕಿದ್ದಂತೆ ಒಂದು ಕಾಡು ಹುಟ್ಟಿಕೊಳ್ಳುತ್ತೆ. ಒಳಗೆ ಹೋದವರಿಗೆ, ಅವತ್ತು ಬೇರೆ ದಾರಿ ಹಿಡಿದಿದ್ದರೆ ಏನಾಗ್ತಿತ್ತೋ ಆ ಬದುಕು ಸಿಗುತ್ತೆ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಸುತ್ತುತ್ತಿದ್ದ ಒಬ್ಬನಿಗೆ ಕಾಡಿನಲ್ಲಿ ಆ ಇನ್ನೊಬ್ಬಳೇ ಹೆಂಡತಿ. ಏನು ಮಾಡ್ತಾನೆ ಹೇಳಿ? ನಿಜವಾದ ಹೆಂಡತಿಯ ಹಿಂದೆ ಸುತ್ತೋಕೆ ಶುರು ಮಾಡ್ತಾನೆ! ಬ್ಯಾರಿ ಹೇಳೋದು ಅಷ್ಟೇ, ಎಷ್ಟು ಅವಕಾಶ ಕೊಟ್ಟರೂ ಮನುಷ್ಯ ತನ್ನ ಬುದ್ಧಿ ಬಿಡಲ್ಲ. ನಾಟಕದ ಹೆಸರು ಬಂದಿದ್ದೇ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ನಲ್ಲಿ ತಪ್ಪು ಗ್ರಹಗತಿಯದಲ್ಲ ನಮ್ಮದೇ ಅನ್ನುವ ಪ್ರಸಿದ್ಧ ಮಾತಿನಿಂದ.

ಆದರೆ ಅದೇ ಕಾಡಿನಲ್ಲಿ ಇನ್ನೊಬ್ಬನಿದ್ದಾನೆ, ಕುಡಿದು ಹಾಳಾದ ಚಿತ್ರಕಾರ. ಅವನಿಗೆ ಅಲ್ಲಿ ಒಬ್ಬಳು ಮಗಳು ಸಿಗ್ತಾಳೆ, ಮಾರ್ಗರೆಟ್. ಇಬ್ಬರೂ ಹರಟ್ತಾರೆ, ಆಡ್ತಾರೆ. ಕಾಡಿನಿಂದ ಹೊರಗೆ ಬರುವ ಹೊತ್ತಾದಾಗ ಮಗಳು ಅಲ್ಲೇ ಉಳೀತಾಳೆ, ಯಾಕಂದ್ರೆ ಈ ಲೋಕದಲ್ಲಿ ಅವಳು ಹುಟ್ಟೇ ಇಲ್ಲ. 1917ರಲ್ಲಿ ಆ ಥಿಯೇಟರಿನಲ್ಲಿ ಕೂತವರು ಯಾರು ಅಂತ ಯೋಚಿಸಿ. ಮೊದಲ ಮಹಾಯುದ್ಧ ಮೂರು ವರ್ಷ ದಾಟಿತ್ತು. ಮಕ್ಕಳನ್ನು ಕಳಕೊಂಡ ತಂದೆ ತಾಯಂದಿರು ಅಲ್ಲಿ ಇದ್ದೇ ಇರ್ತಾರೆ. ಬ್ಯಾರಿಯೂ ಕಳಕೊಂಡಿದ್ದ. ತಾನು ಸಾಕಿದ ಡೇವಿಸ್ ಹುಡುಗರಲ್ಲಿ ಹಿರಿಯವನಾದ ಜಾರ್ಜ್ 1915ರಲ್ಲಿ ಫ್ಲಾಂಡರ್ಸ್‌ನಲ್ಲಿ ಗುಂಡಿಗೆ ಬಲಿಯಾಗಿದ್ದ.

ಇದನ್ನ ಓದುವಾಗ ನನಗೆ ಮೊದಲ ಸಲ ಅನಿಸಿದ್ದು, ಈ ಸಮಾಂತರ ಲೋಕದ ಕತೆಗಳನ್ನ ಬರೆಸೋದು ವಿಜ್ಞಾನವಲ್ಲ, ಸಾವು ಅಂತ.

ಮುಂದಿನ ನಿಲ್ದಾಣ 1932, ಜೆ. ಬಿ. ಪ್ರೀಸ್ಟ್ಲಿಯ ‘ಡೇಂಜರಸ್ ಕಾರ್ನರ್’. ಊಟವಾದ ಮೇಲೆ ಸ್ನೇಹಿತರು ಕೂತು ಮಾತಾಡ್ತಾ ಇದ್ದಾರೆ. ಹಾಡು ನುಡಿಸುವ ಒಂದು ಸಿಗರೇಟ್ ಪೆಟ್ಟಿಗೆ ಕಂಡು ಒಬ್ಬಳು ಬಾಯಿತಪ್ಪಿ, ಇದನ್ನ ನೋಡಿದ್ದೀನಿ ಅಂತಾಳೆ. ಆ ಒಂದು ಎಳೆ ಹಿಡಿದು ಎಳೀತಾ ಹೋದರೆ ಸತ್ತುಹೋದ ತಮ್ಮನ ಗುಟ್ಟು, ಕಳ್ಳತನ, ಯಾರ ಮೇಲೆ ಯಾರಿಗೆ ಪ್ರೀತಿ ಎಲ್ಲ ಹೊರಗೆ ಬಿದ್ದು, ಕೊನೆಗೆ ಒಂದು ಗುಂಡಿನ ಸದ್ದು. ಕತ್ತಲೆ. ಮತ್ತೆ ಬೆಳಕು ಬಂದಾಗ ನಾಟಕ ಮೊದಲಿನ ಜಾಗಕ್ಕೇ ಬಂದಿದೆ. ಈ ಸಲ ಅದೇ ಹೊತ್ತಿಗೆ ಸರಿಯಾಗಿ ರೇಡಿಯೋದಲ್ಲಿ ಡಾನ್ಸ್ ಸಂಗೀತ ಬರುತ್ತೆ, ಮಾತು ಅತ್ತ ಹೊರಳುತ್ತೆ, ಎಲ್ಲರೂ ಕುಣೀತಾರೆ. ಅಷ್ಟೇ. ಜಾಣತನದ ನಾಟಕ, ಆದರೆ ನನಗೆ ಓದಿ ಮುಗಿಸಿದ ಮೇಲೆ ಜಾಣತನವೇ ಜಾಸ್ತಿ ನೆನಪಿದೆ.

1982ರಲ್ಲಿ ಅಲನ್ ಏಕ್‌ಬರ್ನ್ ಅನ್ನೋ ನಾಟಕಕಾರ ಸ್ಕಾರ್ಬರೋ ಊರಿನಲ್ಲಿ ‘ಇಂಟಿಮೇಟ್ ಎಕ್ಸ್‌ಚೇಂಜಸ್’ ಶುರುಮಾಡಿದ. ಒಬ್ಬ ಹೆಂಗಸು ತೋಟಕ್ಕೆ ಬಂದು ಸಿಗರೇಟ್ ಹಚ್ತಾಳಾ ಇಲ್ಲವಾ, ಅಲ್ಲಿಂದ ಕವಲು. ಪ್ರತಿ ಕವಲಿಗೂ ಮತ್ತೆರಡು. ಕೊನೆಗೆ ಹದಿನಾರು ಮುಕ್ತಾಯಗಳು, ಎಲ್ಲ ಪಾತ್ರಗಳನ್ನೂ ಇಬ್ಬರೇ ನಟರು ಆಡಬೇಕು. ಎಂಜಿನಿಯರ್ ಕಣ್ಣಿಗೆ ಇದು ಅಪ್ಪಟ ಬೈನರಿ ಟ್ರೀ. ಆದರೆ ಒಂದು ಸಂಜೆ ಹೋದವನಿಗೆ ಕಾಣೋದು ಒಂದೇ ದಾರಿ. ಉಳಿದವು ಇನ್ಯಾವುದೋ ಸಂಜೆಯವು.

ಗಮನಿಸಿ, ಈ ಮೂರರಲ್ಲೂ ಒಂದು ‘ಅಸಲಿ’ ದಾರಿ ಇದೆ. ಬ್ಯಾರಿಯ ಕಾಡು ಬೆಳಗಾದರೆ ಮಾಯ, ಮನೆಯೇ ನಿಜ. ಪ್ರೀಸ್ಟ್ಲಿಯಲ್ಲಿ ಕೊನೆಗೆ ಉಳಿಯೋದು ಕುಣಿಯುವ ದಾರಿ. ಏಕ್‌ಬರ್ನ್‌ನಲ್ಲಿ ಅವತ್ತು ನೀವು ನೋಡಿದ್ದೇ ನಿಮ್ಮ ಪಾಲಿನ ಕತೆ. ‘ಕಾನ್‌ಸ್ಟೆಲೇಷನ್ಸ್’ನಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಯಾವುದೂ ಕನಸಲ್ಲ, ಯಾವುದೂ ತಾಲೀಮಲ್ಲ. ಎಲ್ಲವೂ ಅಷ್ಟೇ ನಿಜ. ಈ ಧೈರ್ಯ ಬಂದಿದ್ದು ಎವರೆಟ್‌ನಿಂದ.

1954ರ ಒಂದು ರಾತ್ರಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮೂವರು ಶೆರಿ ಕುಡೀತಾ ಹರಟ್ತಾ ಇದ್ದರು. ಹ್ಯೂ ಎವರೆಟ್, ಅವನ ಸಹಪಾಠಿ ಚಾರ್ಲ್ಸ್ ಮಿಸ್ನರ್, ಮತ್ತು ನೀಲ್ಸ್ ಬೋರ್ ಅವರ ಸಹಾಯಕನಾಗಿದ್ದ ಆಗಾ ಪೀಟರ್ಸನ್. ಕ್ವಾಂಟಮ್ ಸಿದ್ಧಾಂತದ ಬಗ್ಗೆ ಏನೇನೋ ಅಸಂಬದ್ಧ ಮಾತು ಬಂತು, ಅಲ್ಲಿಂದ ತನ್ನ ಐಡಿಯಾ ಹುಟ್ಟಿತು ಅಂತ ಎವರೆಟ್ ಆಮೇಲೆ ನೆನಪಿಸಿಕೊಂಡಿದ್ದಾನೆ.

ಐಡಿಯಾ ಏನು? ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ, ಬಲ್ಲವರು ಕ್ಷಮಿಸಿ. ಎಲೆಕ್ಟ್ರಾನಿನಂಥ ಕಣ ‘ಇಲ್ಲೂ ಇದೆ, ಅಲ್ಲೂ ಇದೆ’ ಎನ್ನುವಂಥ ಬೆರಕೆ ಸ್ಥಿತಿಯಲ್ಲಿ ಇರಬಹುದು ಅನ್ನುತ್ತೆ ಸಮೀಕರಣ. ಆದರೆ ನಾವು ಅಳತೆ ಮಾಡಿದಾಗ ಸಿಗೋದು ಒಂದೇ ಕಡೆ. ಆ ಕ್ಷಣದಲ್ಲಿ ಉಳಿದ ಸಾಧ್ಯತೆಗಳೆಲ್ಲ ಕುಸಿದು ಹೋಗ್ತವೆ ಅಂತ ಪಠ್ಯಪುಸ್ತಕ ಹೇಳ್ತಿತ್ತು. ಯಾಕೆ ಕುಸೀತವೆ? ಅಳೆಯುವವನೂ ಅಣುಗಳಿಂದಲೇ ಆದವನಲ್ಲವಾ, ಅವನಿಗೆ ಬೇರೆ ಕಾನೂನು ಯಾಕೆ? ಎವರೆಟ್ ಹೇಳಿದ್ದು ಇಷ್ಟೇ, ಏನೂ ಕುಸಿಯೋದಿಲ್ಲ. ಕಣದ ಜತೆ ಅಳೆಯುವವನೂ ಕವಲಾಗ್ತಾನೆ. ಇಲ್ಲಿ ಕಂಡವನೊಬ್ಬ, ಅಲ್ಲಿ ಕಂಡವನೊಬ್ಬ. ಇಬ್ಬರಿಗೂ ತಾನೊಬ್ಬನೇ ಅನ್ನೋ ನಂಬಿಕೆ. ಶುರುವಿನ ಕರಡಿನಲ್ಲಿ ಅವನು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ನೆನಪಿನ ಶಕ್ತಿ ಇರುವ ಒಂದು ಅಮೀಬಾ. ಅದು ಎರಡಾಗುತ್ತೆ, ನಾಲ್ಕಾಗುತ್ತೆ. ಪ್ರತಿಯೊಂದಕ್ಕೂ ಹಿಂದಿನದೆಲ್ಲ ನೆನಪಿದೆ. ಇವುಗಳಲ್ಲಿ ಮೊದಲಿನ ಅಮೀಬಾ ಯಾವುದು? ಪ್ರಶ್ನೆಯೇ ತಪ್ಪು.

ಅವನ ಗುರು ಜಾನ್ ವೀಲರ್‌ಗೆ ಶಿಷ್ಯನ ಮೇಲೆ ಪ್ರೀತಿ, ಬೋರ್ ಮೇಲೆ ಭಕ್ತಿ. 1956ರಲ್ಲಿ ಉದ್ದದ ಪ್ರಬಂಧವನ್ನ ಕೋಪನ್‌ಹೇಗನ್‌ಗೆ ಒಯ್ದ. ಅಲ್ಲಿಯವರು ಒಪ್ಪಲಿಲ್ಲ. ಕೊನೆಗೆ ಅಮೀಬಾ ಗಿಮೀಬಾ ಎಲ್ಲ ತೆಗೆಸಿ, ಕಾಲು ಭಾಗಕ್ಕೆ ಇಳಿಸಿ, 1957ರಲ್ಲಿ ಪ್ರಕಟಿಸಿದ್ದಾಯ್ತು. ಬ್ರೈಸ್ ಡಿವಿಟ್ ಎಂಬ ವಿಜ್ಞಾನಿ ಓದಿ, ನಾನು ಕವಲಾಗುವುದು ನನಗೆ ಗೊತ್ತಾಗ್ತಾ ಇಲ್ಲವಲ್ಲ ಅಂತ ಆಕ್ಷೇಪ ಬರೆದ. ಎವರೆಟ್ ಕೇಳಿದ, ಭೂಮಿ ತಿರುಗುತ್ತೆ ಅಂತ ಕೋಪರ್ನಿಕಸ್ ಹೇಳ್ತಾನೆ, ಅದು ನಿಮಗೆ ಗೊತ್ತಾಗ್ತಾ ಇದೆಯಾ? ಡಿವಿಟ್ ಸೋಲೊಪ್ಪಿಕೊಂಡ. 1970ರಲ್ಲಿ ‘ಫಿಸಿಕ್ಸ್ ಟುಡೇ’ಯಲ್ಲಿ ಲೇಖನ ಬರೆದು ಈ ಐಡಿಯಾವನ್ನು ಜಗತ್ತಿಗೆ ಪರಿಚಯಿಸಿದವನೂ ಅವನೇ.

ಅಷ್ಟರಲ್ಲಿ ಎವರೆಟ್ ಆ ಲೋಕ ಬಿಟ್ಟಾಗಿತ್ತು. ಪಿಎಚ್.ಡಿ. ಕೈಗೆ ಬರುವ ಮುಂಚೆಯೇ ಪೆಂಟಗನ್ನಿನಲ್ಲಿ ಕೆಲಸಕ್ಕೆ ಸೇರಿದ, ಅಣ್ವಸ್ತ್ರ ಯುದ್ಧದ ಲೆಕ್ಕಾಚಾರಗಳ ಕೆಲಸ. 1959ರಲ್ಲಿ ಕೋಪನ್‌ಹೇಗನ್‌ಗೆ ಹೋಗಿ ಬೋರ್ ಅವರನ್ನು ಕಂಡ, ಯಾರೂ ಯಾರ ಮಾತನ್ನೂ ಒಪ್ಪಲಿಲ್ಲ. ಅದೇ ಪ್ರವಾಸದಲ್ಲಿ ಹೋಟೆಲಿನಲ್ಲಿ ಕುಡೀತಾ ಕೂತು ಗರಿಷ್ಠ ಲಾಭದ ಲೆಕ್ಕ ಹಾಕುವ ಒಂದು ಗಣಿತದ ವಿಧಾನ ಹೊಳೆಯಿತು, ಮುಂದೆ ಅದು ಅವನಿಗೆ ದುಡ್ಡು ತಂದಿತು. ಭೌತಶಾಸ್ತ್ರ ತರಲಿಲ್ಲ. ಪ್ರತಿಭಾವಂತರು ಕೊನೆಗೆ ಕನ್ಸಲ್ಟೆನ್ಸಿಗೆ ಹೋಗಿ ಸೇರೋದು ನಮ್ಮ ಕಾಲದ ರೋಗ ಅಂದ್ಕೊಂಡಿದ್ದೆ. ಅಲ್ಲ.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಎವರೆಟ್ ಸಿದ್ಧಾಂತ ಇವತ್ತಿಗೂ ಸಾಬೀತಾಗಿಲ್ಲ. ಅದೇ ಸಮೀಕರಣಗಳಿಗೆ ಬೇರೆ ಅರ್ಥ ಹೇಳುವವರೂ ಇದ್ದಾರೆ, ಪ್ರಯೋಗದಿಂದ ಇವರಲ್ಲಿ ಯಾರು ಸರಿ ಅಂತ ತೀರ್ಮಾನ ಆಗಿಲ್ಲ. ಇನ್ನೊಂದು, ಕವಲು ಹುಟ್ಟೋದು ಕಣಗಳ ಮಟ್ಟದಲ್ಲಿ. ನೀವು ಕಾಫಿ ಬದಲು ಚಹಾ ಕುಡಿದದ್ದಕ್ಕೆ ಹೊಸ ವಿಶ್ವ ಹುಟ್ಟಿತು ಅನ್ನೋದು ನಾಟಕಕಾರರು ತಗೊಂಡ ಸ್ವಾತಂತ್ರ್ಯ. ಎಲ್ಲಕ್ಕಿಂತ ಮುಖ್ಯವಾದದ್ದು, ಒಮ್ಮೆ ಬೇರೆಯಾದ ಕವಲುಗಳ ನಡುವೆ ಯಾವ ಸಂಪರ್ಕವೂ ಇಲ್ಲ. ಆ ಕಡೆಯಿಂದ ಫೋನ್ ಬರಲ್ಲ.

ನಮ್ಮ ಕಡೆ ಇಂಥ ಕತೆ ಇಲ್ಲವಾ ಅಂತ ಕೇಳ್ತೀರಿ. ಇದೆ. ನಮ್ಮವರು ಎಲ್ಲ ಮೊದಲೇ ಕಂಡುಹಿಡಿದಿದ್ದರು ಅಂತ ಎದೆ ತಟ್ಟೋಕೆ ಹೊರಟಿಲ್ಲ, ದಯವಿಟ್ಟು ಆ ಕಡೆ ಎಳೀಬೇಡಿ. ಯೋಗವಾಸಿಷ್ಠದಲ್ಲಿ ಲೀಲೆಯ ಕತೆ ಬರುತ್ತೆ. ಅಪ್ಪ ಹೇಳಿದ್ದು. ಪದ್ಮ ಎಂಬ ರಾಜ, ಅವನ ರಾಣಿ ಲೀಲೆ. ಗಂಡ ಸತ್ತರೂ ಅವನ ಜೀವ ಈ ಕೋಣೆ ಬಿಟ್ಟು ಹೋಗಬಾರದು ಅಂತ ಸರಸ್ವತಿಯ ಹತ್ತಿರ ವರ ಕೇಳಿಕೊಂಡಿರ್ತಾಳೆ. ಅವನು ಸಾಯ್ತಾನೆ. ಎಲ್ಲಿದ್ದಾನೆ ತೋರಿಸು ಅಂತ ಹಟ ಹಿಡಿದಾಗ ದೇವಿ ತೋರಿಸೋದು, ಅದೇ ಕೋಣೆಯ ಅವಕಾಶದಲ್ಲಿ ಇನ್ನೊಂದು ಇಡೀ ಲೋಕ. ಅಲ್ಲಿ ಅವನು ವಿದೂರಥ ಎಂಬ ರಾಜ. ಅವನಿಗೆ ಒಬ್ಬಳು ರಾಣಿ, ಅವಳ ಹೆಸರೂ ಲೀಲೆ! ಕೊನೆಗೆ ಪದ್ಮ ಮತ್ತೆ ಎದ್ದು ಕೂತು ಇಬ್ಬರು ಲೀಲೆಯರ ಜತೆ ಬಾಳ್ತಾನೆ. ಋಷಿ ಅದನ್ನು ಹೇಳೋದು ಜಗತ್ತೇ ಮನಸ್ಸಿನ ಆಟ ಅಂತ ರಾಮನಿಗೆ ತಿಳಿಸೋಕೆ, ಕ್ವಾಂಟಮ್ ಕಲಿಸೋಕಲ್ಲ. ಆದರೆ ಕತೆಯನ್ನ ಹೊರಡಿಸಿದ್ದು ಏನು ನೋಡಿ. ಗಂಡನ ಹೆಣದ ಮುಂದೆ ಕೂತ ಹೆಂಗಸು.

ಕನ್ನಡ ರಂಗಭೂಮಿಯಲ್ಲಿ ಹತ್ತಿರದ ಉದಾಹರಣೆ ಗಿರೀಶ ಕಾರ್ನಾಡರ ‘ನಾಗಮಂಡಲ’. 1987-88ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ, ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಕಟ್ಟಿದ್ದು. ಅಪ್ಪಣ್ಣ ಹಗಲಿನ ಒರಟು ಗಂಡ, ರಾತ್ರಿ ಅವನದೇ ರೂಪದಲ್ಲಿ ಬರುವ ನಾಗ. ರಾಣಿಯ ಪಾಲಿಗೆ ಒಬ್ಬನೇ ಮನುಷ್ಯ ಎರಡು ಲೋಕದಲ್ಲಿ ಎರಡು ಥರ. ಕೊನೆಗೆ ನಾಗ ಅವಳ ಕೂದಲಲ್ಲಿ ಸಾಯ್ತಾನೆ. ಕತೆ ಕೇಳ್ತಾ ಇದ್ದ ದೀಪದ ಜ್ಯೋತಿಗಳಿಗೆ ಅದು ಒಪ್ಪಿಗೆಯಾಗಲ್ಲ, ಬೇರೆ ಮುಕ್ತಾಯ ಬೇಕು ಅಂತವೆ. ಹಾಗಾದ್ರೆ ಸರಿ ಅಂತ ಇನ್ನೊಂದರಲ್ಲಿ ನಾಗ ಬದುಕಿ ಅವಳ ಜಡೆಯಲ್ಲೇ ಉಳೀತಾನೆ. ಮೊದಲ ಮುಕ್ತಾಯವನ್ನು ಕಾರ್ನಾಡರು ಅಳಿಸಿ ಹಾಕಿಲ್ಲ. ಎರಡನ್ನೂ ಆಡಿ ತೋರಿಸಬೇಕು. ಅಪ್ಪ ಟಿವಿಎಸ್‌ನಲ್ಲಿ ನನ್ನ ಹಿಂದೆ ಕೂರಿಸಿಕೊಂಡು ಹೆಗ್ಗೋಡಿಗೆ ನಾಟಕ ನೋಡೋಕೆ ಹೋಗ್ತಿದ್ದ ಕಾಲದಲ್ಲಿ, ಈ ನಾಟಕದ ಬಗ್ಗೆ ದಾರಿಯುದ್ದಕ್ಕೂ ಹೇಳ್ತಿದ್ದರು. ನನಗೆ ಆಗ ಹನ್ನೊಂದೋ ಹನ್ನೆರಡೋ. ಹಾಗಾದ್ರೆ ನಿಜವಾಗಿ ನಾಗ ಸತ್ತನಾ ಇಲ್ಲವಾ ಅಂತ ಕೇಳಿದ್ದೆ. "ನಿಜವಾಗಿ ಅಂದ್ರೇನೋ, ನಾಟಕ ಅದು" ಅಂತ ನಕ್ಕಿದ್ದರು.

ಈಗ ಎವರೆಟ್ ಮನೆಯ ಕತೆ. ಇದನ್ನ ಓದಿದಾಗ ಒಂದು ದಿನ ಬೇರೇನೂ ಮಾಡೋಕಾಗಲಿಲ್ಲ. ಎವರೆಟ್ 1982ರ ಜುಲೈನಲ್ಲಿ, 51ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಅತಿಯಾದ ಸಿಗರೇಟು, ಅತಿಯಾದ ಕುಡಿತ. ಬೆಳಿಗ್ಗೆ ಹಾಸಿಗೆಯಲ್ಲಿ ಅವನನ್ನ ಕಂಡವನು 19 ವರ್ಷದ ಮಗ ಮಾರ್ಕ್. ಮುಂದೆ ‘ಈಲ್ಸ್’ ಎಂಬ ಸಂಗೀತ ತಂಡ ಕಟ್ಟಿ ಹೆಸರು ಮಾಡಿದವನು. ಬದುಕಿಸೋಕೆ ಒದ್ದಾಡುವಾಗ, ಅದಕ್ಕೂ ಮುಂಚೆ ಅಪ್ಪನ ಮೈ ಮುಟ್ಟಿದ ನೆನಪೇ ತನಗಿಲ್ಲ ಅನಿಸಿತು ಅಂತ ಮಾರ್ಕ್ ಹೇಳಿಕೊಂಡಿದ್ದಾನೆ. ಅಷ್ಟು ಮಾತಿಲ್ಲದ ಮನೆ. ತನ್ನ ಬೂದಿಯನ್ನ ಕಸಕ್ಕೆ ಹಾಕಿ ಅಂತ ಎವರೆಟ್ ಹೇಳಿದ್ದ, ಹೆಂಡತಿ ಕೆಲವು ವರ್ಷ ಇಟ್ಟುಕೊಂಡಿದ್ದು ಆಮೇಲೆ ಹಾಗೇ ಮಾಡಿದಳು. 1996ರಲ್ಲಿ ಮಗಳು ಎಲಿಜಬೆತ್ ಜೀವ ತೆಗೆದುಕೊಂಡಳು. ಬಿಟ್ಟುಹೋದ ಚೀಟಿಯಲ್ಲಿ, ನನ್ನ ಬೂದಿಯನ್ನೂ ಅಪ್ಪನ ಹಾಗೆಯೇ ಮಾಡಿ, ಸರಿಯಾದ ಸಮಾಂತರ ಲೋಕಕ್ಕೆ ಹೋಗಿ ಅಪ್ಪನನ್ನ ಸೇರಬಹುದೇನೋ ಅನ್ನುವ ಅರ್ಥದ ಮಾತಿತ್ತು. 2007ರಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರ ಮಾಡಿತು, ಅದರಲ್ಲಿ ಮಾರ್ಕ್ ತನ್ನ ಅಪ್ಪನ ಸಿದ್ಧಾಂತ ಏನು ಅಂತ ತಿಳ್ಕೊಳ್ಳೋಕೆ ಪ್ರಿನ್ಸ್‌ಟನ್‌ಗೆ ಹೋಗ್ತಾನೆ. ಭೌತಶಾಸ್ತ್ರಜ್ಞರು ಗೌರವದಿಂದ ಅವನಿಗೆ ವಿವರಿಸ್ತಾರೆ. ಅವನ ಮುಖ ನೋಡಬೇಕು.

ನಿಕ್ ಪೇನ್ ಕತೆಯೂ ಇದಕ್ಕೆ ಕೂಡಿಕೊಳ್ಳುತ್ತೆ. ಅವನ ತಂದೆ ತೀರಿಕೊಂಡರು. ಅದಾದ ಮೇಲೆ ಒಂದು ದಿನ ಬ್ರಯಾನ್ ಗ್ರೀನ್ ಎಂಬ ಭೌತಶಾಸ್ತ್ರಜ್ಞನ ‘ದಿ ಎಲಿಗೆಂಟ್ ಯೂನಿವರ್ಸ್’ ಸಾಕ್ಷ್ಯಚಿತ್ರ ನೋಡ್ತಾ, ಬೇರೆ ಬೇರೆ ವಿಶ್ವಗಳಿರಬಹುದು ಅನ್ನೋ ಮಾತು ಅವನನ್ನ ಹಿಡಿದುಬಿಟ್ಟಿತು. ಅಲ್ಲಿಂದ ಈ ನಾಟಕ. ಪ್ರೇಮಕತೆ ಅಂತ ಎಲ್ಲರೂ ಕರೀತಾರೆ, ಪ್ರೇಮಕತೆಯೇ. ಆದರೆ ಬುಡದಲ್ಲಿ ಇರೋದು ಅಪ್ಪನನ್ನ ಕಳಕೊಂಡ ಮಗ ರಾತ್ರಿ ಮಲಗಿ ಹಾಕುವ ಲೆಕ್ಕ. ಇದು ನನಗೆ ಥಿಯೇಟರಿನಲ್ಲಿ ಕೂತಾಗ ಗೊತ್ತಿರಲಿಲ್ಲ. ಆಮೇಲೆ ಓದಿದ್ದು.

ಆ ಲೆಕ್ಕವನ್ನ ನಾನೂ ಹಾಕಿದ್ದೆ. ಏಪ್ರಿಲ್ 19ರ ರಾತ್ರಿ ದುಡ್ಡು ಕಟ್ಟಿದ್ದರೆ 21ಕ್ಕೆ ಸಾಗರ. ಶುಗರ್ ಚೆಕ್ ಮಾಡಿಸಿರ್ತಿದ್ದೆ. ಎರಡು ದಿನ ಮುಂಚೆ ಆಸ್ಪತ್ರೆಗೆ ಸೇರಿಸಿರ್ತಿದ್ದೆ, ಬೆಡ್ ಸಿಗೋದು. ಇಲ್ಲಾ, ನಾನೇ ಬೆಂಗಳೂರು ಏರ್‌ಪೋರ್ಟಿನಿಂದ ಸೋಂಕು ತಗೊಂಡು ಹೋಗಿ ಅಮ್ಮನಿಗೂ ಹಚ್ಚಿರ್ತಿದ್ದೆ. ಪ್ರತಿ ರಾತ್ರಿ ಇದೇ ಕೋಡ್, ಬೇರೆ ಬೇರೆ ಇನ್‌ಪುಟ್. ನನ್ನ ಲೆಕ್ಕದಲ್ಲಿ ಎಲ್ಲೋ ಒಂದು ‘ಸರಿ’ ದಾರಿ ಇತ್ತು, ಅದನ್ನ ನಾನು ತಪ್ಪಿಸಿದ್ದೆ. ಅಂದರೆ ಬ್ಯಾರಿ ಕಾಡಿನ ಲೆಕ್ಕ.

ಕಪಾಲ್ಡಿ ಮತ್ತು ವಾನಮೇಕರ್ ಆಡುವಾಗ ಆ ಮೊಣಕೈ ಮಾತು ಕಾಲೇಜು ಹುಡುಗರ ಚೆಲ್ಲಾಟದ ಥರ ಕೇಳಿಸಲಿಲ್ಲ. ಇಷ್ಟು ವಯಸ್ಸಾದ ಮೇಲೂ ಒಬ್ಬರ ಹತ್ತಿರ ಹೋಗಿ ಮಾತು ಶುರುಮಾಡೋಕೆ ಎಷ್ಟು ಧೈರ್ಯ ಬೇಕು ಅನಿಸಿತು. ಅವಳಿಗೆ ಪದ ಸಿಗದ ದೃಶ್ಯದಲ್ಲಿ ಆ ಅರವತ್ತು ದಾಟಿದ ಗಂಡಸು ಸುಮ್ಮನೆ ಕಾಯ್ತಾ ನಿಂತಿರ್ತಾನೆ, ಪದ ತುಂಬಿ ಕೊಡೋಕೆ ಹೋಗಲ್ಲ. ಮೇಲಿನ ಸಾಲಿನಲ್ಲಿ ಯಾರೋ ಮಾಸ್ಕ್ ಒಳಗೆ ಅಳ್ತಾ ಇದ್ದರು. ಒಂದು ಹಂತದಲ್ಲಿ ಇಬ್ಬರೂ ಬರೀ ಸನ್ನೆಭಾಷೆಯಲ್ಲಿ ಮಾತಾಡ್ತಾರೆ, ಒಂದು ಅಕ್ಷರ ಅರ್ಥವಾಗದಿದ್ದರೂ ಎಲ್ಲ ಅರ್ಥವಾಗ್ತಿತ್ತು, ಹಿಂದಿನ ಸುತ್ತುಗಳಲ್ಲಿ ಆ ಮಾತುಗಳನ್ನ ಆಗಲೇ ಕೇಳಿರ್ತೀವಲ್ಲ.

ನಾಟಕ ಮುಗಿಯೋದು ಸಾವಿನಲ್ಲಿ ಅಲ್ಲ (ಕತೆ ಬಿಟ್ಟುಕೊಟ್ಟಿದ್ದಕ್ಕೆ ಬೈಬೇಡಿ, ಹೇಗೂ ಅರ್ಧ ಹೇಳಾಗಿದೆ). ವಿದಾಯದ ಮಾತು ಆದ ಮೇಲೆ ಮತ್ತೆ ಅದೇ ಡಾನ್ಸ್ ಕ್ಲಾಸ್. ಎಷ್ಟೋ ದಿನದ ಮೇಲೆ ಎದುರಾದ ಇಬ್ಬರು ತಡವರಿಸುತ್ತಾ, ಮತ್ತೆ ಸಿಗೋಣವಾ ಅಂತ ಕೇಳಿಕೊಳ್ತಾ ಇದ್ದಾರೆ. ಅದು ಹಿಂದಿನದು, ಮುಂದಿನದಲ್ಲ. ಹಾಗಂತ ಅದು ಆಗಲಿಲ್ಲ ಅಂತ ಯಾರು ಹೇಳ್ತಾರೆ? ಎವರೆಟ್‌ನ ಲೋಕಗಳನ್ನ ಬಳಸಿ ಪೇನ್ ಮಾಡಿದ ಕೆಲಸ ಇದು ಅಂತ ನನ್ನ ಎಣಿಕೆ. ಬೇರೆ ಲೋಕದಲ್ಲಿ ಅವಳು ಬದುಕಿದ್ದಾಳೆ ಅಂತ ಸಮಾಧಾನ ಹೇಳಲಿಲ್ಲ. ಆದದ್ದೂ ಒಂದು ಲೋಕವೇ, ಅದನ್ನ ಯಾರೂ ಕಿತ್ತುಕೊಳ್ಳೋಕೆ ಬರಲ್ಲ ಅಂತ ತೋರಿಸಿದ.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು, ಇಲ್ಲಿ ಜುಲೈನಲ್ಲಿ ಕತ್ತಲಾಗೋದು ಒಂಬತ್ತು ದಾಟಿದ ಮೇಲೆ. ಊರಲ್ಲಿ ನಡುರಾತ್ರಿ ದಾಟಿತ್ತು, ಆದರೆ ಅಮ್ಮನಿಗೆ ಆಗೆಲ್ಲ ನಿದ್ದೆ ಬರ್ತಿರಲಿಲ್ಲ. ವಾಟರ್ಲೂ ಸೇತುವೆ ಮೇಲೆ ನಿಂತು ಫೋನ್ ಮಾಡಿದೆ. ನಾಟಕಕ್ಕೆ ಹೋಗಿದ್ದೆ ಅಂದೆ. ಎರಡೇ ತಿಂಗಳಿಗೆ ನಾಟಕವಾ ಅಂತಾರೇನೋ ಅಂತ ಅಳುಕಿತ್ತು. ಕತೆ ಏನು ಅಂತ ಕೇಳಿದರು. ಹೇಳಿದೆ. ಹೇಳ್ತಾ ಹೇಳ್ತಾ ಆ ಟಿಕೆಟ್ ವಿಷಯವೂ ಬಾಯಿಂದ ಬಂದುಬಿಡ್ತು, ಅಲ್ಲಿವರೆಗೂ ಅಮ್ಮನಿಗೆ ಹೇಳಿರಲಿಲ್ಲ. ನಾನು ಅವತ್ತು ಹೊರಟು ಬಂದಿದ್ದರೆ ಅಂತ ಶುರುಮಾಡಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನೀನು ಎಷ್ಟು ಲೋಕದಲ್ಲಿ ಬಂದು ಕೂತಿದ್ರೂ ನಿಮ್ಮಪ್ಪ ಶುಗರ್ ಮಾತ್ರೆ ಮಾತ್ರ ಮರೀತಾನೇ ಇದ್ರು" ಅಂದರು. ಆಮೇಲೆ, "ಆ ಜೇನಿನವನು ಪಾಪ, ಏನ್ಮಾಡ್ದ ಕೊನೆಗೆ?"